ನಡುವಿನ ಹೆಸರು

"ಆಂಟಿ, ಬೀಚ್ ಮೇ ತೋ ಪತಿ ಕಾ ನಾಮ್ ಆತಾ ಹೈ. ಯೇ ಪ್ಯಾತ್ರೌನಾ ಕೌನ್?"

ಗೋರೆಗಾಂವ್‌ನ ಹೆರಿಗೆ ಆಸ್ಪತ್ರೆಯ ಕೌಂಟರಿನ ಗುಮಾಸ್ತೆ ರಂಜನಾ, ನಡುವೆ ಗಂಡನ ಹೆಸರು ಬರಬೇಕಲ್ಲ, ಇದ್ಯಾರು ಎನ್ನುತ್ತ ಫಾರಂ ಮೇಲೆ ಬೆರಳಿಟ್ಟ ಕಡೆ ಸರಸ್ವತಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಸೊಸೆಯ ಹೆಸರು ಅಲೇಸ್ಯಾ, ಅದರ ಬೆನ್ನಿಗೇ ಪ್ಯಾತ್ರೌನಾ. ಮಗ ಅಭಿರಾಮನ ಹೆಸರಿನ ಸುಳಿವೇ ಇರಲಿಲ್ಲ.

ಹೆಣ್ಣಿನ ಹೆಸರಿನ ನಡುವೆ ಮದುವೆಗೆ ಮುಂಚೆ ಅಪ್ಪ, ಆಮೇಲೆ ಗಂಡ. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಅವರು ಕಂಡದ್ದು ಇದನ್ನೇ. ಹಾಗಾದರೆ ಇವಳಿಗೆ ಮೊದಲೊಬ್ಬ ಗಂಡನಿದ್ದನೇ? ಸೊಸೆಯ ಸೂಟ್‌ಕೇಸಿನಲ್ಲಿ ಒಮ್ಮೆ ಕಂಡಿದ್ದ ಯುವಕನ ಫೋಟೊ ನೆನಪಾಯಿತು. ಬೆಲಾರೂಸಿಗೆ ಡಾಕ್ಟರಿಕೆ ಓದಲು ಹೋದ ಮಗ ಹೆಂಡತಿಯನ್ನೂ ಕರೆತಂದಾಗ ಏನೂ ಕೇಳದೆ ಆರತಿ ಎತ್ತಿದ್ದು ತಮ್ಮದೇ ತಪ್ಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ಮೋಸ ಹೋದೆನಲ್ಲ ಎಂದುಕೊಂಡರು. ಈಗ ಅವಳಿಗೆ ಐದು ತಿಂಗಳು ಬೇರೆ.

ತೂಕ ನೋಡಿಸಿಕೊಂಡು ಬಂದ ಅಲೇಸ್ಯಾ ಬೆಂಚಿನ ಮೇಲೆ ಕಾಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕೂತಳು.

"ನಿನ್ನ ಹೆಸರಿನ ಮಧ್ಯ ಇರೋದು ಯಾರದಮ್ಮ?"

"ಪ್ಯಾತ್ರೋ. ನನ್ ಪಪ್ಪ. ಪ್ಯಾತ್ರೌನಾ ಅಂದ್ರೆ ಪ್ಯಾತ್ರೋ ಮಗಳು."

"ಮದುವೆ ಆದ್ಮೇಲೂ ಅಪ್ಪನ ಹೆಸರು ಯಾಕಿರುತ್ತೆ? ನಿಜ ಹೇಳ್ಬಿಡು. ನಿನ್ನ ಸೂಟ್‌ಕೇಸಿನಲ್ಲಿರೋ ಆ ಫೋಟೊದವನು ಯಾರು?"

ಅಲೇಸ್ಯಾ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಮೊಬೈಲ್ ತೆರೆದು ತೋರಿಸಿದಳು. ಅದೇ ಯುವಕ, ಹೆಗಲ ಮೇಲೆ ಪುಟ್ಟ ಹುಡುಗಿ.

"ಮೇಲೆ ನಾನು. ಪಪ್ಪ ಈಗ ಇಲ್ಲ." ಅವಳು ಕನ್ನಡದ ಮಾತು ಹುಡುಕುತ್ತ ಹೇಳಿದಳು. "ನಮ್ ಕಡೆ ಎಲ್ಲರಿಗೂ ಅಪ್ಪನ ನೇಮ್ ಇರತ್ತೆ. ಶಾದಿ ಆದ್ರೂ ಅದು ಹೋಗಲ್ಲ. ಸ್ಕೂಲ್ ಟೀಚರನ್ನ ಹಾಗೇ ಕರೀತೀವಿ, ಮರ್ಯಾದೆಗೆ."

ಸರಸ್ವತಿಗೆ ನಾಚಿಕೆಯಾಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು. "ಅಮ್ಮ, ನಿಮ್ ಪಪ್ಪನ ನೇಮ್ ಏನು?"

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಯಾರೂ ಅದನ್ನು ಕೇಳಿರಲಿಲ್ಲ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಬಿಲ್ಡಿಂಗಿನ ಬೋರ್ಡಿನಲ್ಲಿ ಅವರು ಸರಸ್ವತಿ ಹಿರಿಯಣ್ಣ. ಹಿರಿಯಣ್ಣನವರು ಒಳ್ಳೆಯ ಗಂಡ, ಅದರಲ್ಲಿ ಎರಡು ಮಾತಿಲ್ಲ.

"ನಂಜುಂಡಯ್ಯ," ಎಂದರು.

ರಂಜನಾ ಕರೆದಳು. ಪತಿಯ ಹೆಸರು ಸೇರಿಸಲೇ ಎಂದಳು.

"ನಹೀ. ಜೈಸಾ ಹೈ, ವೈಸಾ ಲಿಖೋ." ಇದ್ದ ಹಾಗೇ ಬರೆಯಲು ಸರಸ್ವತಿ ಹೇಳಿದರು.

ಫಾರಂನ ಕೊನೆಯಲ್ಲಿ ಜೊತೆಗೆ ಬಂದವರ ಹೆಸರು ಬರೆಯಲು ಜಾಗವಿತ್ತು. ಸರಸ್ವತಿ ನಿಧಾನವಾಗಿ ಬರೆದು ಫಾರಂ ದಾಟಿಸಿದರು. ರಂಜನಾ ಓದಿ ತಲೆಯೆತ್ತಿದಳು.

"ಆಂಟಿ, ಯೇ ನಂಜುಂಡಯ್ಯ ಕೌನ್?"

ಸರಸ್ವತಿ ಪೆನ್ನಿನ ಕ್ಯಾಪು ಹಾಕುತ್ತಿದ್ದರು.