ಫೆಸ್ಟಿಗೊಂದು ಹತ್ತಡಿ ಕೋಲು

ಮೀನಿನ ಉದ್ದ ಹೇಳುವಾಗ, ಗಾಳದ ಕೋಲಿನ ಬೆಲೆಯನ್ನು ಹೆಂಡತಿಗೆ ಹೇಳುವಾಗ ಮಾಸ್ಕ್ ಸರೋವರದ ದಂಡೆಯಲ್ಲಿ ಯಾರೂ ಸತ್ಯಹರಿಶ್ಚಂದ್ರರಲ್ಲ. ಆದರೆ ಆ ಮೇ ತಿಂಗಳ ಬೆಳಿಗ್ಗೆ ಅಸಂಪ್ಟಾಳ ಗಾಳದ ಅಂಗಡಿಯಲ್ಲಿ ಕೋಲ್ಮನ್ ಹೇಳಿದ ಸುಳ್ಳು ಆ ಪೈಕಿಯದಲ್ಲ.

"ಕೋಲು ಯಾರಿಗೆ?" ಅಂತ ಅವಳು ಕೇಳಿದಳು.

"ನನಗೇ," ಅಂದ.

"ಅಯ್ಯೋ ನನ್ನಪ್ಪಾ! ನಿಮ್ಮ ಮನೇಲಿ ಹೊಸ ಕೋಲು ಕೊಂಡಿದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ನಿಮ್ಮಪ್ಪನ ಕೋಲು ಮುರೀತಾ, ಇಲ್ಲಾ ನಿನಗೇ ಬುದ್ಧಿ ಬಂತಾ?"

ಕೋಲ್ಮನ್ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ.

ಕೋಲು ಅವನ ಅಣ್ಣ ಫೆಸ್ಟಿಗೆ. ಚಳಿಗಾಲದಲ್ಲಿ ದೊಡ್ಡಾಸ್ಪತ್ರೆಯವರು ಫೆಸ್ಟಿಯನ್ನು ಕೂರಿಸಿಕೊಂಡು ಅವನ ರೋಗದ ಹೆಸರು ಹೇಳಿದ್ದರು. ನರಗಳು ಒಂದೊಂದಾಗಿ ಸಾಯುವ ರೋಗ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಮದ್ದಿಲ್ಲ. ಫೆಸ್ಟಿ ಊರಿಗೆಲ್ಲ ಭುಜನೋವು ಅಂತ ಸಾರಿದ್ದ, ಮನೆಯವರ ಹತ್ತಿರ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ. ಕನಿಕರದಿಂದ ನೋಡಿಸಿಕೊಳ್ಳುವುದಕ್ಕಿಂತ ನಾಳೆಯೇ ಹೋಗುವುದು ಮೇಲು ಅನ್ನುವ ಜಾತಿ ಅವನದು.

ಮೇ ತಿಂಗಳಿಗೆ ಬಲಗೈ ಅರ್ಧ ಹೋಗಿತ್ತು. ಆದರೆ ಮೇ ಬಂದರೆ ಸರೋವರದ ತಳದಿಂದ ತೆಳು ರೆಕ್ಕೆಯ ಹುಳಗಳು ಎದ್ದು ಬರುತ್ತವೆ, ಅವನ್ನು ತಿನ್ನಲು ಟ್ರೌಟ್ ಮೀನುಗಳು ಹುಚ್ಚು ಹಿಡಿದಂತೆ ಮೇಲೇಳುತ್ತವೆ, ಊರಿನ ದೋಣಿಗಳೆಲ್ಲ ನೀರಿಗಿಳಿಯುತ್ತವೆ. ಮೀಸೆ ಮೂಡುವ ಮುಂಚಿನಿಂದ ಅಣ್ಣ ತಮ್ಮ ಒಂದೇ ದೋಣಿಯಲ್ಲಿ ಕೂತವರು. ಈ ವರ್ಷವೂ ಹೋಗಲೇಬೇಕು, ಒಂದು ಮೀನಾದರೂ ತಾನೇ ಹಿಡಿಯಬೇಕು ಅಂತ ಫೆಸ್ಟಿ ಪಟ್ಟು ಹಿಡಿದಿದ್ದ. ಅದಕ್ಕಿಂತ ಹೆಚ್ಚಿನದನ್ನು ಅವನು ಯಾರ ಹತ್ತಿರವೂ ಕೇಳಲಿಲ್ಲ, ದೇವರ ಹತ್ತಿರವೂ.

"ಅಪ್ಪನ ಹನ್ನೊಂದಡಿ ಕೋಲು ಎತ್ತಕ್ಕಾಗ್ತಿಲ್ಲ ಕಣೋ," ಅಂದಿದ್ದ. "ಹಗುರದ್ದೊಂದು ತಗೊಂಬಾ. ಬೆಲೆ ಆರಕ್ಕೇರಬಾರ್ದು, ಮೂರಕ್ಕಿಳೀಬಾರ್ದು."

ಆ ಮಾತಿನ ಒಳಗುಟ್ಟು ಕೋಲ್ಮನ್‌ಗೆ ಬಿಡಿಸಿ ಹೇಳಬೇಕಿರಲಿಲ್ಲ. ತೀರಾ ದುಬಾರಿ ಕೋಲು ತಂದರೆ ಅದು ಶವಪೆಟ್ಟಿಗೆಯ ಮೇಲಿಡುವ ಹೂವಿನ ಚಕ್ರವಿದ್ದಂತೆ. ಪಾಪ, ಕೊನೇ ಆಸೆ ತೀರಿಸಿದರು ಅನ್ನುತ್ತದೆ. ಅಗ್ಗದ್ದು ತಂದರೆ, ಎಷ್ಟು ದಿನಕ್ಕೆ ಬೇಕು ಬಿಡು ಅನ್ನುತ್ತದೆ. ನಡುವಿನ ಬೆಲೆಯ ಕೋಲನ್ನು ಕೊಳ್ಳುವವನು ಇನ್ನೂ ಹತ್ತು ವರ್ಷ ಬದುಕುವವನು. ಫೆಸ್ಟಿಗೆ ಬೇಕಾಗಿದ್ದದ್ದು ಆ ಬೆಲೆ.

ಅಸಂಪ್ಟಾ ಕೋಲುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಕೋಲ್ಮನ್ ಸ್ಟೂಲೊಂದನ್ನು ಎಳೆದುಕೊಂಡು, ದೋಣಿಯ ಹಲಗೆ ಮೇಲೆ ಕೂತಂತೆ ಮೊಣಕಾಲು ಜೋಡಿಸಿ ಕೂತ. ಬಲಗೈಯನ್ನು ಜೇಬಿಗೆ ಹಾಕಿ ಎಡಗೈಯಲ್ಲಿ ಕೋಲು ಹಿಡಿದ. ತನ್ನ ಸೋತ ಕೈ ಅದೇ, ಅದಕ್ಕೆ ಹಗುರಾದದ್ದು ಫೆಸ್ಟಿಗೂ ಹಗುರ ಅನ್ನುವುದು ಅವನ ಲೆಕ್ಕಾಚಾರ.

"ಎಡಗೈ ಬಂಟ ಯಾವಾಗ ಆದೆ?"

"ಎರಡೂ ಕೈಗೆ ಅಭ್ಯಾಸ ಇರ್ಲಿ ಅಂತ."

"ಎರಡನೇ ಹೆಂಡ್ತಿ ತರೋ ಯೋಚ್ನೆ ಇರೋ ಗಂಡಸರೇ ಹಿಂಗೆಲ್ಲ ಮಾತಾಡೋದು," ಅಂದಳು ಅಸಂಪ್ಟಾ.

ಒಂಬತ್ತಡಿಯದು ಗರಿಯಷ್ಟು ಹಗುರ. ಆದರೆ ದೋಣಿಯಲ್ಲಿ ಕೂತವನಿಗೆ ಅದು ಕೆಲಸಕ್ಕೆ ಬಾರದು. ದೋಣಿ ಗಾಳಿಗೆ ಅಡ್ಡಲಾಗಿ ತೇಲುತ್ತಿರುತ್ತದೆ. ದಾರದಲ್ಲಿ ಪುಕ್ಕದಿಂದ ಕಟ್ಟಿದ ನಕಲಿ ಹುಳಗಳು ಮೂರು. ಕೋಲೆತ್ತಿ ಮೇಲಿನ ಹುಳವನ್ನು ಅಲೆಯ ನೆತ್ತಿಯ ಮೇಲೆ ಕುಣಿಸಬೇಕು. ಆ ಕುಣಿತಕ್ಕೇ ಮೀನು ಮರುಳಾಗುವುದು. ಕೋಲು ಗಿಡ್ಡವಾದರೆ ಹುಳ ಮುಳುಗುತ್ತದೆ. ಮೇಲಾಗಿ ಒಂಬತ್ತಡಿ ಕೋಲು ಪ್ರವಾಸಿಗರ ಕೈಗೆ ಕೊಡುವಂಥದ್ದು. ಫೆಸ್ಟಿ ಅದನ್ನು ನೋಡಿದರೆ ನನ್ನನ್ನು ಮಗು ಮಾಡಿದಿರಾ ಅನ್ನುತ್ತಾನೆ. ಹನ್ನೊಂದಡಿ ಮಣಿಕಟ್ಟನ್ನು ಜಗ್ಗಿತು. ಉಳಿದದ್ದು ಹತ್ತಡಿ.

ಹತ್ತಡಿಯವುಗಳಲ್ಲಿ ಒಂದು ಬಿದಿರುಗಳದಂತೆ ಬಿರುಸು. ಇನ್ನೊಂದು ಒದ್ದೆ ಹಗ್ಗದ ಹಾಗೆ ಜೋಲು. ಮೂರನೆಯದು ನಡುವಿನಿಂದ ಮೆಲ್ಲಗೆ ಬಾಗಿ, ಮೆಲ್ಲಗೆ ನೆಟ್ಟಗಾಗುತ್ತಿತ್ತು. ಕೋಲ್ಮನ್ ಅದನ್ನು ಎತ್ತಿ ಹಿಡಿದು ಕೂತ. ಬೇರೆ ಗಿರಾಕಿ ಬಂದು, ಹುಳ ಕೊಂಡು, ಹವಾಮಾನ ಬೈದು ಹೋದ. ಕೋಲಿನ ತುದಿ ಮಾತ್ರ ಅಲುಗಲಿಲ್ಲ. ಅಳೆದೂ ಸುರಿದೂ ಅದನ್ನೇ ಆರಿಸಿದ. ಇದು ಆಗುತ್ತದೆ, ಇದರಲ್ಲಿ ಅಣ್ಣ ಮೀನು ಹಿಡಿಯುತ್ತಾನೆ ಅಂತ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ಅಂಗಡಿಯಲ್ಲೇ ಅಳು ಬಂತು.

"ಜೀವನಪೂರ್ತಿ ಗ್ಯಾರಂಟಿ ಇದೆ," ಅಂದಳು ಅಸಂಪ್ಟಾ, ಚೀಲಕ್ಕೆ ಹಾಕುತ್ತಾ.

ಆ ಕಾರ್ಡನ್ನು ಅಲ್ಲೇ ಹರಿದು ಬಿಸಾಡಬೇಕಿತ್ತು. ಮರೆತ. ಮನೆಯಲ್ಲಿ ಫೆಸ್ಟಿ ಮೊದಲು ಓದಿದ್ದೇ ಅದನ್ನು.

"ಜೀವನಪೂರ್ತಿ ಅಂತೆ. ಯಾರ್ದೋ? ಕೋಲಿಂದೋ, ನಂದೋ?" ಅಂದು ಕೆಮ್ಮು ಬರುವಷ್ಟು ನಕ್ಕ. ನಾಲಿಗೆ ಆಗಲೇ ದಪ್ಪವಾಗಿತ್ತು. ಬೆಳಿಗ್ಗೆ ಮಾತು ಹರಿಯುತ್ತಿತ್ತು, ದಣಿದರೆ ಒಂದೊಂದು ಪದವೂ ಕೆಸರಿನಿಂದ ಕಾಲು ಕಿತ್ತಂತೆ ಬರುತ್ತಿತ್ತು. ಕೋಲನ್ನು ಮಡಿಲಲ್ಲಿಟ್ಟುಕೊಂಡು ಉದ್ದಕ್ಕೂ ಸವರಿದ. "ಚೆನ್ನಾಗಿದೆ. ಸರಿಯಾದ್ದೇ ತಂದಿದ್ದೀಯ."

ಅವನ ಹೆಂಡತಿ ನೋರೀನ್ ಒಲೆ ಹತ್ತಿರದಿಂದಲೇ ಗುಡುಗಿದಳು: "ಸ್ಪೂನ್ ಎತ್ತಕ್ಕಾಗಲ್ಲ, ನಾನು ತಿನ್ನಿಸ್ಬೇಕು. ಇವನಿಗೆ ಕೋಲು ಕೊಟ್ಟು ನೀರಿಗೆ ಕರ್ಕೊಂಡ್ ಹೋಗ್ತೀಯಾ? ನಿಮ್ಮಿಬ್ಬರ ತಲೇಲೂ ಹುಲ್ಲೇ ಬೆಳೆದಿರೋದು."

"ಸ್ಪೂನಿಗೆ ಮೀನು ಬೀಳಲ್ವಲ್ಲೇ," ಅಂದ ಫೆಸ್ಟಿ. ಅವಳು ಸೆರಗಿಲ್ಲದ ಹೆಂಗಸು, ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ಸೋಡಾ ಬ್ರೆಡ್ಡನ್ನು ಬುತ್ತಿ ಕಟ್ಟಿಕೊಟ್ಟಳು.

ಮಾರನೆಯ ಬೆಳಿಗ್ಗೆ ನೈಋತ್ಯದ ಗಾಳಿ, ಬೇಕಾದಷ್ಟೇ ಅಲೆ, ಮೋಡ. ಇಂಥ ದಿನ ಹರಕೆ ಹೊತ್ತರೂ ಸಿಗುವುದಿಲ್ಲ. ಕೋಲ್ಮನ್ ಯಾರೂ ಇಲ್ಲದ ಹೊತ್ತು ನೋಡಿ ಅಣ್ಣನನ್ನು ಎತ್ತಿಕೊಂಡೇ ಕಟ್ಟೆಯಿಂದ ದೋಣಿಗಿಳಿಸಿದ. ಎಷ್ಟು ಹಗುರಾಗಿದ್ದಾನಲ್ಲ ಅನ್ನಿಸಿತು. ಬಾಯಲ್ಲಿ ಮಾತ್ರ, "ಎಮ್ಮೆ ಹಾಗಿದ್ದೀಯ ಮಾರಾಯ, ಕಡಿಮೆ ತಿನ್ನು," ಅಂದ.

ಗಾಳಿ ಬೀಸಿಬರುವ ಕಡೆಗೆ ಹೋಗಿ ಯಂತ್ರ ನಿಲ್ಲಿಸಿ ದೋಣಿಯನ್ನು ತೇಲಲು ಬಿಟ್ಟರು. ಕೋಲ್ಮನ್ ಹಿಂದಿನ ಹಲಗೆ, ಫೆಸ್ಟಿ ಮುಂದಿನ ಹಲಗೆ, ಎಂದಿನಂತೆ. ಫೆಸ್ಟಿ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು, ಕೋಲನ್ನು ಹಿಂದಕ್ಕೆ ಒಯ್ದು, ಮುಂದಕ್ಕೆ ಬಿಟ್ಟ. ದಾರ ನೆಟ್ಟಗೆ ಹೋಗಿ ನೀರಿನ ಮೇಲೆ ಮಲಗಿತು. ಕೋಲೆತ್ತಿದ. ಮೇಲಿನ ಹುಳ ಅಲೆಯ ಮೇಲೆ ಕುಣಿಯಿತು.

"ನೋಡ್ದೇನೋ!" ಅಂದ ಫೆಸ್ಟಿ.

"ನೋಡ್ದೆ, ನೋಡ್ದೆ. ಊರಿಗೆಲ್ಲ ಕೇಳೋ ಹಂಗೆ ಕೂಗ್ಬೇಡ, ಮೀನಿಗೂ ಕಿವಿ ಇದೆ."

ಇಷ್ಟು ಸುಖ ಆ ಮನೆಗೆ ಆರು ತಿಂಗಳಿಂದ ಬಂದಿರಲಿಲ್ಲ. ಕೋಲ್ಮನ್ ತನ್ನ ಗಾಳವನ್ನು ಬಿಡಲೇ ಇಲ್ಲ. ಅಣ್ಣನ ಹುಳ ಕುಣಿಯುವುದನ್ನೇ ನೋಡುತ್ತ ಕೂತ. ಒಮ್ಮೆ ತೇಲಿ ಮುಗಿಸಿ, ಮತ್ತೆ ಗಾಳಿಯ ಕಡೆಗೆ ಹೋಗಿ, ಇನ್ನೊಮ್ಮೆ ತೇಲಿದರು. ಫೆಸ್ಟಿಯ ಮಾತು ನಿಂತಿತು. ದಣಿದಿದ್ದಾನೆ, ವಾಪಸ್ ಹೋಗೋಣ ಅನ್ನಬೇಕು ಅಂತ ಕೋಲ್ಮನ್ ಬಾಯಿ ತೆರೆಯುವಷ್ಟರಲ್ಲಿ ನೀರು ಉಬ್ಬಿತು, ಹಳದಿ ಪಕ್ಕೆಯೊಂದು ಹೊರಳಿತು, ಕೋಲು ಬಿಲ್ಲಾಯಿತು.

ದೊಡ್ಡ ಮೀನು. ಆ ಬಾಗಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಕೋಲ್ಮನ್‌ನ ಕೈ ಅರ್ಧ ಚಾಚಿತು, ಅಲ್ಲೇ ನಿಂತಿತು. ಆ ಸರೋವರದಲ್ಲಿ ಒಂದು ಕಟ್ಟಳೆ ಇದೆ, ಬರೆದಿಟ್ಟವರು ಯಾರೂ ಇಲ್ಲ. ಮೀನು ಬಿದ್ದ ಕೋಲನ್ನು ಪಕ್ಕದವನು ಮುಟ್ಟಬಾರದು. ತಲೆ ಮೇಲೆ ತಲೆ ಬಿದ್ದರೂ ಮುಟ್ಟಬಾರದು. ಮುಟ್ಟಿದರೆ ಮೀನು ಮುಟ್ಟಿದವನದು. ಕೋಲಿನವನಿಗೆ ದಂಡೆಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಕೋಲಿನವನೇ ಬಾಯಿಬಿಟ್ಟು "ತಗೋ" ಅಂದರೆ ಮಾತ್ರ ತೆಗೆದುಕೊಳ್ಳಬೇಕು. ಅಪ್ಪ ಅದನ್ನು ಇಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದ. ಈ ಮೀನನ್ನು ತಾನು ಮುಟ್ಟಿದರೆ ಫೆಸ್ಟಿ ಕೇಳಿಕೊಂಡಿದ್ದ ಒಂದೇ ಒಂದು ಮೀನೂ ಅವನದಲ್ಲವಾಗುತ್ತದೆ. ಕೋಲ್ಮನ್ ಕೈ ಹಿಂದಕ್ಕೆಳೆದುಕೊಂಡು ತೊಡೆಯ ಕೆಳಗೆ ಒತ್ತಿಟ್ಟುಕೊಂಡ.

"ನಿಂದೇ ಕಣೋ! ಬಿಡು, ಓಡ್ಲಿ, ದಾರ ಬಿಡು!" ಅಂತ ಕೂಗಿದ.

ಫೆಸ್ಟಿ ಅವನ ಕಡೆ ತಿರುಗಿದ. ಬಾಯಿ ಅಗಲವಾಗಿ ತೆರೆದಿತ್ತು, ತುಟಿ ಅದುರುತ್ತಿತ್ತು, ಕಣ್ಣು ತುಂಬಿತ್ತು. ಸಂತೋಷ ಅಂದುಕೊಂಡ ಕೋಲ್ಮನ್. ದೇವರೇ, ಸಂತೋಷ ಅಂದುಕೊಂಡುಬಿಟ್ಟ. ತಾನೂ ನಕ್ಕ.

ಆಗ ಕೋಲು ಜಾರತೊಡಗಿತು. ಅಂಗಡಿಯಲ್ಲಿ ಕೋಲ್ಮನ್ ಉದ್ದ ನೋಡಿದ್ದ, ತೂಕ ನೋಡಿದ್ದ, ಬಾಗು ನೋಡಿದ್ದ. ಹಿಡಿಕೆಯನ್ನು ಬೆರಳು ಅಪ್ಪುತ್ತದೋ ಇಲ್ಲವೋ ಅಂತ ನೋಡಲೇ ಇಲ್ಲ. ನಲವತ್ತು ವರ್ಷ ಹುಟ್ಟು ಹಾಕಿದ ಅವನ ಎಡಗೈ, ದುಂಡಗಿರುವ ಏನು ಸಿಕ್ಕರೂ ತಾನಾಗಿ ಬಿಗಿಯುವ ಕೈ. ಅದನ್ನು ಸೋತ ಕೈ ಅಂದುಕೊಂಡಿದ್ದ. ಫೆಸ್ಟಿಯ ಬೆರಳುಗಳು ತೆರೆದೇ ಇದ್ದವು. ಹಿಡಿಕೆ ಅಂಗೈ ದಾಟಿತು, ಮೊಣಕಾಲು ದಾಟಿತು, ದೋಣಿಯ ಅಂಚಿಗೆ ಒಮ್ಮೆ ಬಡಿಯಿತು.

ಕೋಲ್ಮನ್ ಎದ್ದು ಹಾರಿದ. ದೋಣಿ ಓಲಾಡಿತು. ಅವನ ಕೈ ತಲುಪುವ ಹೊತ್ತಿಗೆ ಅಲ್ಲಿ ನೀರಿತ್ತು, ನೀರಿನ ಕೆಳಗೆ ಸ್ವಲ್ಪ ದೂರ ಒಂದು ತೆಳ್ಳನೆಯ ಗೆರೆ ಹೋಯಿತು, ಆಮೇಲೆ ಅದೂ ಇಲ್ಲ. ಅಲ್ಲಿ ಆಳ ಎಷ್ಟು ಅಂತ ಇಬ್ಬರಿಗೂ ಗೊತ್ತಿತ್ತು. ಕೋಲ್ಮನ್ ದೋಣಿಯ ತಳದಲ್ಲಿ ಮಂಡಿಯೂರಿ, ಭುಜದವರೆಗೆ ತೋಳು ಇಳಿಬಿಟ್ಟು ತಣ್ಣನೆಯ ನೀರನ್ನು ತಡಕುತ್ತಲೇ ಇದ್ದ.

ದೋಣಿ ತೇಲುತ್ತಿತ್ತು. ಸುತ್ತ ಹುಳಗಳು ಏಳುತ್ತಿದ್ದವು, ಟ್ರೌಟ್‌ಗಳು ಅವನ್ನು ಚಪ್ಪರಿಸಿ ತಿನ್ನುತ್ತಿದ್ದವು. ಬೆನ್ನ ಹಿಂದೆ ಫೆಸ್ಟಿಯ ಗಂಟಲಲ್ಲಿ ಏನೋ ಎಳೆದಾಡುವ ಸದ್ದು. ಕೊನೆಗೆ ಅದು ಹೊರಬಂತು, ಮೀನು ಬಿದ್ದಾಗಿಂದ ಅವನು ತಳ್ಳುತ್ತಲೇ ಇದ್ದ ಆ ಒಂದು ಪದ.

"ತ... ತಗೋ."

ಕೋಲ್ಮನ್‌ಗೆ ಹಿಂದೆ ತಿರುಗುವ ಧೈರ್ಯವಾಗಲಿಲ್ಲ. ನಕ್ಕಿದ್ದೆನಲ್ಲ, ಅವನು ಬೇಡಿಕೊಳ್ಳುತ್ತಿದ್ದಾಗ ನಾನು ಎದುರು ಕೂತು ನಕ್ಕೆನಲ್ಲ ಅನ್ನುವುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

"ತಗೊಂಡೆ ಕಣೋ," ಅಂದ, ತೋಳನ್ನು ನೀರಿನಿಂದ ತೆಗೆಯದೆ. "ತಗೊಂಡೆ, ತಗೊಂಡೆ."

ಕೋಲ್ಮನ್‌ನ ಕೈ ಚಳಿಗೆ ಮರಗಟ್ಟುವವರೆಗೂ ಇಬ್ಬರೂ ಹಾಗೇ ಇದ್ದರು. ಆಮೇಲೆ ಅವನು ಅದನ್ನು ಮೇಲಕ್ಕೆತ್ತಲೇಬೇಕಾಯಿತು, ಅಣ್ಣ ಆ ಬರಿಗೈಯನ್ನು ನೋಡಿದ.