ಜೋಳದ ಪೀಪಾಯಿಯೊಳಗಿನ ಪಾನಾ

ನನ್ನ ಸೊಸೆ ಉಮಾಶ್ರೀ ಬೋರಿಂಗ್ ರಿಪೇರಿ ಮಾಡುತ್ತಾಳೆ. ಸವದತ್ತಿ ತಾಲ್ಲೂಕಿನ ಯಾವ ಹಳ್ಳಿಯಲ್ಲಿ ಕೈಪಂಪು ಕೆಟ್ಟರೂ ಮೊದಲ ಫೋನು ಬರುವುದು ಮನೋಳಿಯ ನಮ್ಮ ಮನೆಗೆ. ಈಗ ಇದನ್ನು ಎದೆಯುಬ್ಬಿಸಿ ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಇದೇ ಬಾಯಿ ಬೇರೆ ಮಾತಾಡುತ್ತಿತ್ತು. ಸೊಸೆಯಾದವಳು ನಟ್ಟು ಬಿಗಿಯುವ ಪಾನಾ ಹಿಡಿದು ಊರೂರು ತಿರುಗಿದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು, ಅವಳು ಕೆಲಸಕ್ಕೆ ಹೊರಡಬೇಕಾದ ಮೊದಲ ದಿನವೇ ಪಾನಾಗಳ ಚೀಲವನ್ನು ಜೋಳದ ಪೀಪಾಯಿಯೊಳಗೆ ಹೂತಿಟ್ಟಿದ್ದೆ. ಮೂರು ದಿನ ಮನೆಯೆಲ್ಲ ಹುಡುಕಿದಳು. ನಾಲ್ಕನೇ ದಿನ ಬೀಸಲು ಜೋಳ ತೆಗೆಯುವಾಗ ಅವಳ ಕೈಗೇ ಸಿಕ್ಕಿತು. ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದಳು. ಬೈದಿದ್ದರೆ ನಾನೂ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಬೈಯದೆ ಬಿಟ್ಟಳಲ್ಲ, ಅದು ಇಷ್ಟು ವರ್ಷ ನನ್ನನ್ನು ಚುಚ್ಚುತ್ತಲೇ ಇತ್ತು.

ಸವದತ್ತಿಯ ಚರ್ಚಿನ ಅಂಗಳದ ಬೋರಿಂಗ್ ನಾಲ್ಕು ವರ್ಷದಿಂದ ಕೆಟ್ಟು ನಿಂತಿತ್ತು. ಉಮಾ ಒಂದೇ ದಿನದಲ್ಲಿ ನೀರು ತಂದಳು. ಅಂದಿನಿಂದ ಅಲ್ಲಿನ ಪಾಸ್ಟರು ನಮ್ಮ ಮನೆಗೆ ಬರಹೋಗುವವರಾದರು. ಅವರ ಹೆಸರು ಸದಾಶಿವ, ಕೆಲಸ ಯೇಸುವಿನದು. ಅಜ್ಜನ ಹೆಸರಂತೆ, ಬಿಟ್ಟುಕೊಟ್ಟಿಲ್ಲ. ಈ ಸಲ ಬಂದವರು ಚಹಾ ಆರುವ ತನಕ ಬಟ್ಟಲು ಮುಟ್ಟಲಿಲ್ಲ.

"ದೇವಕ್ಕಾರ, ಆಫ್ರಿಕಾದಾಗ ಜಾಂಬಿಯಾ ಅಂತ ಒಂದ್ ದೇಶ ಐತ್ರಿ. ಮಳಿ ಹೋಗಿ ಮಂದಿ ಭಾಳ ತ್ರಾಸದಾಗ ಅದಾರ. ನಮ್ಮ ಚರ್ಚಿನಿಂದ ಆರು ಮಂದಿ ಸೇವಾಕ್ಕಂತ ಮೂರು ವಾರ ಹೊಂಟಾರ. ಅಲ್ಲೆ ಬೋರಿಂಗ್ ಇಲ್ಲಂತಲ್ಲ, ಅದಾವ. ನಿಮ್ಮೂರ ಅಗಸಿ ಬಾಗಲ ಮುಂದ ಐತೆಲ್ಲ, ಅಂಥಾವ, ನಮ್ಮ ದೇಶದಾಗ ಮಾಡಿದ್ದು. ಕೆಟ್ಟು ನಿಂತಾವ. ರಿಪೇರಿ ಮಾಡೂದನ್ನ ಅಲ್ಲಿ ಹೆಣ್ಣಮಕ್ಕಳಿಗೆ ಕಲಸಾಕ ಉಮಾಶ್ರೀನ್ನ ಕಳಸ್ರಿ."

"ನಮ್ಮ ಕೊರಳಾಗ ಲಿಂಗ ಐತ್ರಿ ಪಾಸ್ಟರ" ಎಂದೆ.

"ಇರ್ಲಿ ಬಿಡ್ರಿ. ನಮಗ ಬೇಕಾಗಿದ್ದು ಅಕಿ ಕೈ."

ಈ ಉತ್ತರ ನನಗೆ ಹಿಡಿಸಿತು. ಸೊಸೆ ನನ್ನ ಮುಖ ನೋಡುತ್ತಿದ್ದಳು. "ಹೋಗಿ ಬಾ" ಎಂದೆ. ಅವಳು ನಂಬಲಿಲ್ಲ, ಮತ್ತೊಮ್ಮೆ ಹೇಳಿಸಿದಳು.

ಆಮೇಲೆ ನಮ್ಮ ಮನೆ ಮದುವೆ ಮನೆಯಾಯಿತು. ಪಾಸ್ಪೋರ್ಟು ಬಂದ ದಿನ ಓಣಿಯವರೆಲ್ಲ ಅದನ್ನು ಮುಟ್ಟಿ ನೋಡಿದರು. ವಿಮಾನದಲ್ಲಿ ಒಬ್ಬರ ಚೀಲ ಇಪ್ಪತ್ತಮೂರು ಕಿಲೋ ಮೀರಬಾರದಂತೆ. ಉಮಾ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಳು. ಅದರಲ್ಲಿ ಹನ್ನೊಂದು ಕಿಲೋ ಬರೀ ಪಾನಾ, ಪೈಪು ಎತ್ತುವ ಹಿಡಿ, ಇನ್ನೇನೋ ಕಬ್ಬಿಣ.

ಹೊರಡುವ ಹಿಂದಿನ ದಿನ ಬುತ್ತಿಗಳು ಬರತೊಡಗಿದವು. ದೂರ ಹೋಗುವವರನ್ನು ನಮ್ಮ ಕಡೆ ಬರಿಗೈಯಲ್ಲಿ ಕಳಿಸುವುದಿಲ್ಲ. ಒಬ್ಬರು ಕಟಕ ರೊಟ್ಟಿ, ಒಬ್ಬರು ಶೇಂಗಾ ಚಟ್ನಿ, ಒಬ್ಬರು ಅಗಸೆ ಬೀಜದ ಚಟ್ನಿ, ಹಿಂದಿನ ಓಣಿಯ ರಾಯವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ. ಬೇಡ ಎನ್ನುವುದುಂಟೆ? ತಂದವರ ಮುಖಕ್ಕೆ ಹೊಡೆದ ಹಾಗೆ. ಚೀಲದಲ್ಲಿ ಜಾಗವಿಲ್ಲ, ತೂಕ ಏರಿಸುವಂತೆಯೂ ಇಲ್ಲ. ಬೆಳಿಗ್ಗೆ ಉಮಾ ಸ್ನಾನಕ್ಕೆ ಹೋದಾಗ ನನಗೊಂದು ವಿಚಾರ ಹೊಳೆಯಿತು. ಅಲ್ಲಿರುವುದು ನಮ್ಮದೇ ಬೋರಿಂಗ್ ಎಂದ ಮೇಲೆ ಪಾನಾನೂ ಅಲ್ಲಿಯೇ ಇರಬೇಕು. ಜೋಳದ ರೊಟ್ಟಿ ಇರುತ್ತದೆಯೇ? ಕಬ್ಬಿಣ ತೆಗೆದೆ, ರೊಟ್ಟಿ ತುಂಬಿದೆ, ಕೈಯಲ್ಲಿ ಎತ್ತಿ ತೂಕ ಸರಿಮಾಡಿದೆ. ಮೂವತ್ತು ವರ್ಷ ಸಂತೆ ಮಾಡಿದ ಕೈ ನನ್ನದು. ತೆಗೆದ ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದೆಂದು ಒಣಗಿದ ಜಾಗ ಹುಡುಕಿದೆ. ಕಾಲು ತಾವಾಗಿಯೇ ಜೋಳದ ಪೀಪಾಯಿಯ ಹತ್ತಿರ ಹೋದವು.

ಸವದತ್ತಿಯ ಚರ್ಚು ಜನರಿಂದ ತುಂಬಿತ್ತು. ಹಾರ್ಮೋನಿಯಂ, ಹಾಡು, ಚಪ್ಪಾಳೆ. ನಾನು ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ನಮ್ಮಲ್ಲಿ ಮಾನೌಮಿಗೆ ಆಯುಧಗಳನ್ನು ಪೂಜಿಸುವಂತೆ, ಇವರಲ್ಲಿ ಸೇವೆಗೆ ಹೊರಟವರು ತಮ್ಮ ತಮ್ಮ ಕೆಲಸದ ಸಾಮಾನನ್ನು ಮುಂದಿನ ಮೇಜಿನ ಮೇಲಿಡಬೇಕಂತೆ. ಎಲ್ಲರೂ ಅದರತ್ತ ಕೈಚಾಚಿ ಪ್ರಾರ್ಥಿಸುತ್ತಾರೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನರ್ಸ್ ಪ್ರಣಿತಾ ಬಿ.ಪಿ. ನೋಡುವ ಮಷೀನು ಇಟ್ಟಳು. ಆಮೇಲೆ ಉಮಾ ಹೋಗಿ ಚೀಲ ತೆರೆದಳು. ಒಂದು ರೊಟ್ಟಿಯ ಗಂಟು ಬಂತು. ಇನ್ನೊಂದು ಬಂತು. ಚಟ್ನಿ ಡಬ್ಬಿ ಬಂತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಇಡೀ ಚರ್ಚು ನಕ್ಕಿತು. ಉಮಾ ನಗಲಿಲ್ಲ. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಅತ್ತಿ, ಮತ್ತ ಜೋಳದಾಗ ಇಟ್ಟೀರೇನ್ರಿ?"

ಹೌದು ಎನ್ನದೆ ಬೇರೆ ಏನು ಹೇಳಲಿ? "ಅಲ್ಲೆ ಪಾನಾ ಸಿಗ್ತಾವಲ್ಲ ಯವ್ವಾ" ಎಂದೆ.

"ಸಿಗತಿದ್ರ ಆ ಬೋರಿಂಗ್ ಯಾಕ ಕೆಟ್ಟು ನಿಲ್ತಿದ್ದು ಅತ್ತಿ?"

ಪಾನಾ ಇಲ್ಲದೆ ಇವಳು ಅಷ್ಟು ದೂರ ಹೋಗಿ ಮಾಡುವುದೇನು? ಅದಕ್ಕಿಂತ, ನಾನು ಬೇಕೆಂದೇ ಮಾಡಿದೆ ಎಂದುಕೊಂಡಿದ್ದಾಳೆ. ಹನ್ನೊಂದು ವರ್ಷದ ಹಿಂದಿನ ಆ ಅತ್ತೆಯೇ ಇನ್ನೂ ಮನೆಯಲ್ಲಿದ್ದಾಳೆ ಎಂದುಕೊಂಡಿದ್ದಾಳೆ. ಆ ಅನುಮಾನ ಹೊತ್ತುಕೊಂಡು ಇವಳು ಸಮುದ್ರ ದಾಟಬಾರದು.

ಪಾಸ್ಟರು ಗಡಿಯಾರ ನೋಡಿದರು. ಅವರನ್ನು ಒಯ್ಯುವ ಗಾಡಿ ತಡೆಯುವಂತಿರಲಿಲ್ಲ. ಬೈಲಹೊಂಗಲದಲ್ಲಿ ಇಬ್ಬರು, ಕಿತ್ತೂರಿನಲ್ಲಿ ಒಬ್ಬರು ಹತ್ತಬೇಕು, ಅಲ್ಲಿಂದ ಬೆಳಗಾವಿಯ ವಿಮಾನ.

"ನೀವು ಹೊಂಡ್ರಿ. ಕಿತ್ತೂರಾಗ ಪಾನಾ ತಂದು ಕೊಡತೇನಿ" ಎಂದೆ. ಪಕ್ಕದಲ್ಲಿದ್ದ ಮಗ, ಉಮಾಳ ಗಂಡ ಕಲ್ಮೇಶನ ಹೆಗಲು ಹಿಡಿದು ಎಬ್ಬಿಸಿದೆ. "ಏಳಪಾ, ಗಾಡಿ ತಗಿ!"

ಅವತ್ತು ನಾನು ಮೋಟರ್ ಸೈಕಲ್ ಮೇಲೆ ಕುಳಿತ ಪರಿಯನ್ನು ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ನವಿಲುತೀರ್ಥದ ತಿರುವಿನಲ್ಲಿ ಒಂದು ಚಪ್ಪಲಿ ಬಿತ್ತು. ಕಲ್ಮೇಶ ನಿಲ್ಲಿಸಲು ಹೋದ, ಬೆನ್ನಿಗೆ ಗುದ್ದಿದೆ. ಮನೋಳಿಯಲ್ಲಿ ಪೀಪಾಯಿಗೆ ಮೊಣಕೈ ತನಕ ಕೈ ಹಾಕಿ ಚೀಲ ಎಳೆದೆ, ಜೋಳ ನೆಲಕ್ಕೆಲ್ಲ ಚೆಲ್ಲಿತು. ಹನ್ನೊಂದು ಕಿಲೋ ಕಬ್ಬಿಣ ಮಡಿಲಲ್ಲಿಟ್ಟುಕೊಂಡು ಮತ್ತೆ ಹತ್ತಿದೆ. ಬೈಲಹೊಂಗಲ ಮುಟ್ಟಿದಾಗ ಗಾಡಿ ಹೋಗಿ ಕಾಲು ತಾಸಾಗಿತ್ತು.

"ಯವ್ವಾ, ಗಟ್ಟಿ ಹಿಡಕೋ. ಬಿದ್ದಿ ಅಂದ್ರ ಪಾನಾನೂ ಹೋಗ್ತಾವ, ನೀನೂ ಹೋಗ್ತಿ!" ಎಂದು ಕಲ್ಮೇಶ ಕೂಗಿದ.

"ನಾ ಹೋದ್ರ ಹೋಗ್ಲಿ, ಪಾನಾ ಮುಟ್ಟಸು!" ಎಂದು ನಾನೂ ಕೂಗಿದೆ. ಹೊಲದಲ್ಲಿದ್ದವರು ತಿರುಗಿ ನೋಡಿದರು. ಹೆದರಿಕೆಯ ನಡುವೆಯೂ ಎಂಥ ಹುರುಪು ಅಂತೀರಿ! ಅರವತ್ತಾರು ವರ್ಷದಲ್ಲಿ ಅಷ್ಟು ಜೋರಾಗಿ ಎಲ್ಲಿಗೂ ಹೋದವಳಲ್ಲ ನಾನು.

ಕಿತ್ತೂರಿನ ಬಸ್ ನಿಲ್ದಾಣದ ಹತ್ತಿರ ಬಿಳಿ ಗಾಡಿ ಕಂಡಿತು. ಬಾಗಿಲು ಹಾಕುತ್ತಿದ್ದರು. "ನಿಲ್ರಿ! ನಿಲ್ರೆಪಾ!" ಎಂದು ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿದೆ. ಉಮಾ ಕೆಳಗಿಳಿದಳು. ಚೀಲ ಅವಳ ಕೈಗಿಟ್ಟೆ. ಏದುಸಿರಿನಲ್ಲೇ ಹೇಳಬೇಕಾದ್ದನ್ನು ಹೇಳಿದೆ.

"ಕೇಳ ಇಲ್ಲೆ. ಆವಾಗ ಬೇಕಂತ ಇಟ್ಟಿದ್ದೆ, ತಪ್ಪಾತು. ಈ ಸಲ ಬೇಕಂತ ಅಲ್ಲ ಯವ್ವಾ. ನೀ ಅಲ್ಲೆ ಹಸಗೊಂಡಿದ್ದೀ ಅಂತ ಮಾಡೇನಿ. ನಂಬಿದ್ರ ನಂಬು, ಬಿಟ್ರ ಬಿಡು."

ಉಮಾ ನನ್ನ ಬರಿಗಾಲನ್ನು ನೋಡಿದಳು. ಜೋಳದ ಧೂಳು ಮೆತ್ತಿದ ನನ್ನ ತೋಳನ್ನು ನೋಡಿದಳು. ನಕ್ಕಳು, ಕಣ್ಣಲ್ಲಿ ನೀರೂ ಬಂತು.

"ಹನ್ನೊಂದು ವರ್ಷ ಆತ್ರಿ ಅತ್ತಿ, ಈ ಮಾತಿಗೆ ಕಾಯಾಕ ಹತ್ತಿ."

ಇನ್ನು ರೊಟ್ಟಿ ಹೊರಗೆ ಬರಬೇಕಿತ್ತು. ನಾನೇ ಗಂಟುಗಳನ್ನು ತೆಗೆಯತೊಡಗಿದೆ. ಪ್ರಣಿತಾ ನನ್ನ ಕೈ ಹಿಡಿದಳು. "ಅವ್ವಾರ, ನನ್ನ ಚೀಲದಾಗ ಎರಡು ಕಿಲೋ ಜಾಗ ಐತಿ, ಕೊಡ್ರಿಲ್ಲೆ." ಮತ್ತೊಬ್ಬರು ಚಟ್ನಿ ಡಬ್ಬಿ ಕೇಳಿದರು. ಹೋಳಿಗೆಯನ್ನು ಅಲ್ಲಿಯೇ ತಿನ್ನತೊಡಗಿದರು, ಪಾಸ್ಟರೂ ಸೇರಿ. ಎರಡು ಗಂಟು ಮಾತ್ರ ಕಲ್ಮೇಶನ ಪಾಲಿಗೆ ಉಳಿದವು.

ಉಮಾ ತನ್ನ ಚೀಲದಲ್ಲಿ ಕೈಯಾಡಿಸಿ ಒಂದು ಪಾನಾ ಹೊರತೆಗೆದಳು. ಒರೆಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಹದಿನೇಳು-ಹತ್ತೊಂಬತ್ತರ ಸೈಜಿಂದು. ನನ್ನ ಹತ್ರ ಇಂಥಾವು ಎರಡು ಅದಾವ. ನಾ ಬರೂತನಕ ಅಗಸಿ ಮುಂದಿನ ಬೋರಿಂಗ್ ನಟ್ಟು ಸಡ್ಲ ಆದ್ರ ನೀವ ಬಿಗೀರಿ."

"ನಾನೇನ? ಮಂದಿ ಏನಂದಾರು?"

"ಅದನ್ನ ಮಂದಿನ್ನ ಕೇಳ್ರಿ" ಎಂದು ನನ್ನ ಕಾಲು ಮುಟ್ಟಿ ಗಾಡಿ ಹತ್ತಿದಳು. ಒಳಗೆ ಎಲ್ಲರೂ ಹಾಡತೊಡಗಿದರು. ಹಾಡು ನನಗೆ ಬರುವುದಿಲ್ಲ. ಗಾಡಿ ಹೆದ್ದಾರಿಗೆ ತಿರುಗುವ ತನಕ ಚಪ್ಪಾಳೆ ತಟ್ಟಿದೆ.

ದಾರಿಯಲ್ಲಿ ಕಲ್ಮೇಶ ಪಾನಾ ತನ್ನ ಕೈಗೆ ಕೊಡು ಎಂದ. ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅಗಸಿ ಮುಂದೆ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರೂ ನೋಡುತ್ತಿದ್ದಂತೆ, ಬೋರಿಂಗಿನ ನಟ್ಟಿಗೆ ಪಾನಾ ಹಾಕಿ ಬಿಗಿದೆ. ಅದು ಸಡಿಲಾಗಿರಲೇ ಇಲ್ಲ.