ಎಣ್ಣೆ ಇಳಿಯುವ ದಾರಿ

ಇಂಜಿನ್ನಿಗೆ ಗಾಳಿ ನೂಕುವ ಟರ್ಬೋದ ಸೀಲನ್ನು ಮೂರನೇ ಸಲ ಬದಲಿಸಿ, ಬೋಲ್ಟುಗಳನ್ನೆಲ್ಲ ಬಿಗಿದು, ಬೆಳಿಗ್ಗೆ ಏಳಕ್ಕೆ ಅವನು ತಾನೇ ಕಟ್ಟಿದ ಕಾರು ಚಾಲೂ ಮಾಡಿದ. ನಾಲ್ಕು ನಿಮಿಷ ಇಂಜಿನ್ನು ಸೊಗಸಾಗಿ ಓಡಿತು. ಐದನೆಯ ನಿಮಿಷಕ್ಕೆ ಸೈಲೆನ್ಸರಿನ ಬಾಯಿಂದ ನೀಲಿ ಹೊಗೆ ಹೊರಟಿತು. ಶೆಡ್ಡಿನ ತುಂಬ ಹಬ್ಬಿ, ಹಿತ್ತಲಿನ ತಂತಿಯ ಮೇಲಿದ್ದ ಬಟ್ಟೆಗಳ ನಡುವೆ ನುಸುಳಿತು.

"ರೀ! ನಿನ್ನೆ ಹೊಗೆ ಹಿಡೀತು ಅಂತ ಮತ್ತೆ ಒಗೆದು ಹಾಕಿದ ಬಟ್ಟೆ ಅದು!" ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಕೂಗಿದಳು.

ಅವನು ಕೀಲಿ ತಿರುಗಿಸಿ ಇಂಜಿನ್ನು ನಿಲ್ಲಿಸಿದ. ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿದ. ಅದು ಪುಟಿದು ಅವನ ಮೊಣಕಾಲಿಗೇ ಬಡಿಯಿತು.

ಮನೆಯಲ್ಲಿ ಕಟ್ಟಿದ ಕಾರಿಗೆ ತಪಾಸಣೆ ಕಚೇರಿ ಕೊಡುವುದು ಮೂರೇ ಅವಕಾಶ. ಎರಡು ಹೊಗೆಯಲ್ಲೇ ಹೋಗಿದ್ದವು. ಮೂರನೆಯದು ಇವತ್ತು ಮಧ್ಯಾಹ್ನ ಮೂರು ಗಂಟೆಗೆ. ಇದೂ ಹೋದರೆ ಕಾರಿಗೆ ನಂಬರು ಸಿಗುವುದಿಲ್ಲ. ಎರಡು ವರ್ಷದ ದುಡಿಮೆಯನ್ನು ಗುಜರಿಯವನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾನೆ.

ಕಾರ್ಖಾನೆಯಲ್ಲಿ ಅವನಿಗೆ 'ಪ್ರೆಶರ್' ಎಂದೇ ಹೆಸರು. ಮಣ್ಣು ಅಗೆಯುವ ಯಂತ್ರಗಳಿಗೆ ಎಣ್ಣೆ ಹರಿಯುವ ರಬ್ಬರು ಹೋಸು ಜೋಡಿಸುವುದು ಅವನ ಕೆಲಸ. ಅಲ್ಲಿ ಎಣ್ಣೆಯನ್ನು ಪಂಪು ನೂಕುತ್ತದೆ. ಹೋಸನ್ನು ಮೇಲೆ ಹತ್ತಿಸಿ, ಕೆಳಗೆ ಇಳಿಸಿ, ಹೇಗೆ ತಿರುಗಿಸಿದರೂ ಎಣ್ಣೆ ತಲೆ ತಗ್ಗಿಸಿಕೊಂಡು ಹೋಗುತ್ತದೆ. ಹೋಸು ನೋಡಲು ಅಚ್ಚುಕಟ್ಟಾಗಿರಬೇಕು, ಯಾವುದಕ್ಕೂ ಉಜ್ಜಬಾರದು, ಅಷ್ಟೆ. ಹನ್ನೊಂದು ವರ್ಷದ ಆ ಅಭ್ಯಾಸ ಅವನ ಕೈಯಲ್ಲೇ ಕೂತಿತ್ತು. ಟರ್ಬೋದಿಂದ ಎಣ್ಣೆ ವಾಪಸಾಗುವ ಹೋಸನ್ನೂ ಅವನು ಹಾಗೆಯೇ ಎಳೆದಿದ್ದ: ಇಂಜಿನ್ನಿನ ಮುಂದಿನ ಉಕ್ಕಿನ ಅಡ್ಡತೊಲೆಯ ಕೆಳಗೆ ಇಳಿಸಿ, ದುಂಡಗೆ ಬಾಗಿಸಿ, ಮತ್ತೆ ಮೇಲಕ್ಕೆ ತಂದು, ಇಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಸೇರಿಸಿದ್ದ. ಗೇಣಿಗೊಂದು ಕ್ಲಿಪ್ಪು. ನೋಡಿದವರೆಲ್ಲ ಭೇಷ್ ಅಂದಿದ್ದರು.

ಅಪ್ಪ ಮಾತ್ರ ಭೇಷ್ ಅಂದಿರಲಿಲ್ಲ. ಮೂವತ್ತೆಂಟು ವರ್ಷ ಮನೆ ಮನೆಗೆ ನಲ್ಲಿ, ಮೋರಿ ಪೈಪು ಜೋಡಿಸಿ ನಿವೃತ್ತರಾದ ಮನುಷ್ಯ. ಹೋಸು ಹಾಕಿದ ದಿನ "ಈ ಪೈಪು..." ಎಂದು ಬಾಯಿ ತೆರೆದಿದ್ದರು. "ಅಪ್ಪ, ಇದು ಮೋರಿ ಅಲ್ಲ. ನೀನು ಟಾರ್ಚ್ ಹಿಡ್ಕೊಂಡ್ರೆ ಸಾಕು" ಅಂದಿದ್ದ ಮಗ. ಅಂದಿನಿಂದ ಎಂಟು ತಿಂಗಳು ಅವರು ಮಗುಚಿದ ಬಕೆಟ್ಟಿನ ಮೇಲೆ ಕೂತು ಟಾರ್ಚ್ ಹಿಡಿದಿದ್ದರು. ಬೆಳಕು ಎಲ್ಲಿಗೆ ಬೇಕೋ ಅಲ್ಲಿಗೆ ಕೇಳುವ ಮೊದಲೇ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ.

ಹೆಂಡತಿ ತಂತಿಯಿಂದ ತೆಗೆದ ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು. "ಮಾವ, ನೀವಾದ್ರೂ ಏನಾದ್ರೂ ಹೇಳಬಾರ್ದಾ?"

"ಕೇಳಿದ್ರೆ ತಾನೇ ಹೇಳೋದು, ತಾಯಿ."

ಅವನಿಗೆ ರೇಗಿತು. "ಸರಿ, ಕೇಳ್ತಿದೀನಿ. ಹೇಳು."

ಅಪ್ಪ ಟಾರ್ಚ್ ಆರಿಸಿದರು. "ನಮ್ಮ ಸಿಂಕಿನ ಕೆಳಗೆ ಡೊಂಕು ಪೈಪು ಹಾಕಿದೀನಲ್ಲ, ಯಾಕೆ?"

"ಮೋರಿ ವಾಸನೆ ಮೇಲೆ ಬರದೆ ಇರ್ಲಿ ಅಂತ."

"ಅದು ಹ್ಯಾಗೆ ತಡೆಯುತ್ತೆ?"

"ಡೊಂಕಲ್ಲಿ ಯಾವಾಗ್ಲೂ ನೀರು ನಿಂತಿರುತ್ತೆ..." ಎಂದವನು ಬಗ್ಗಿ ಅಡ್ಡತೊಲೆಯ ಕೆಳಗಿನ ಹೋಸಿನ ಡೊಂಕನ್ನು ನೋಡಿದ.

"ನಾನು ನಿಲ್ಲಲಿ ಅಂತ ಹಾಕಿದೆ. ನೀನು ಯಾಕೆ ಹಾಕಿದೆ?"

ಟರ್ಬೋದೊಳಗೆ ಎಣ್ಣೆ ಒತ್ತಡದಿಂದ ಹೋಗುತ್ತದೆ, ನಿಜ. ಆದರೆ ಒಳಗೆ ತಿರುಗುವ ದಂಡಕ್ಕೆ ತಾಗಿ ಹೊರಬಿದ್ದ ಮೇಲೆ ಅದನ್ನು ನೂಕುವವರು ಯಾರೂ ಇಲ್ಲ. ತನ್ನ ಭಾರಕ್ಕೆ ತಾನೇ ಇಳಿಯಬೇಕು. ಡೊಂಕಿನಲ್ಲಿ ನಿಂತ ಎಣ್ಣೆ ಹಿಂದಕ್ಕೆ ತುಂಬಿ, ಸೀಲನ್ನು ದಾಟಿ, ಸೈಲೆನ್ಸರಿನಲ್ಲಿ ಸುಡುತ್ತಿತ್ತು. ಪಾಪದ ಸೀಲುಗಳಲ್ಲಿ ಯಾವ ದೋಷವೂ ಇರಲಿಲ್ಲ. ಅವನು ಒಳ್ಳೆಯದನ್ನೇ ಕಿತ್ತು ಕಿತ್ತು ಎಸೆದಿದ್ದ.

"ಎಂಟು ತಿಂಗಳಿಂದ ಗೊತ್ತಿತ್ತಾ ನಿಂಗೆ?"

"ಟರ್ಬೋ ನಂಗೆ ಗೊತ್ತಿಲ್ಲಪ್ಪ. ಮೋರಿ ಗೊತ್ತು."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು!"

ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು. "ಜಗಳ ಸಂಜೆಗೆ ಇಟ್ಕೊಳ್ಳಿ. ಈಗ ಗಂಟೆ ಏಳೂವರೆ" ಎಂದು ಬಟ್ಟೆ ಒಗೆಯಲು ಹೋದಳು.

ಅಪ್ಪ ಮಗ ಸೇರಿ ಆಯಿಲ್ ಚೇಂಬರು ಇಳಿಸಿದರು. ಹಳೆಯ ತೂತನ್ನು ಮುಚ್ಚಿ, ಎಣ್ಣೆ ನಿಲ್ಲುವ ಮಟ್ಟಕ್ಕಿಂತ ಮೇಲೆ ಹೊಸ ತೂತು ಕೊರೆಯಬೇಕು ಎಂದರು ಅಪ್ಪ. "ತುಂಬಿದ ತೊಟ್ಟಿಯೊಳಗೆ ಮೋರಿಯ ಮೂತಿ ಮುಳುಗಿಸಿದ್ರೆ ಅದು ಹರಿಯುತ್ತೇನೋ?" ಅವನು ಹಲ್ಲು ಕಚ್ಚಿಕೊಂಡು ಕೊರೆದ. ಅಪ್ಪ ತಮ್ಮ ಹಳೆಯ ಗ್ಯಾಸ್ ಬತ್ತಿ ಹಚ್ಚಿ, ಹೆಬ್ಬೆರಳಿಗಿಂತ ದಪ್ಪದ ಪೈಪಿನ ತುಂಡೊಂದನ್ನು ಹಿತ್ತಾಳೆಯ ಕಡ್ಡಿ ಕರಗಿಸಿ ಆ ತೂತಿಗೆ ಬೆಸೆದರು. ಬೆಸುಗೆ ಒಂದೇ ಸಲಕ್ಕೆ ಸುತ್ತ ಸಮನಾಗಿ ಕೂತಿತು. ಅದನ್ನು ನೋಡಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಹೊಸ ಪೈಪು ತೊಲೆಯ ಮೇಲಿಂದ ನೇರವಾಗಿ ಇಳಿಯಬೇಕಿತ್ತು. ಆ ದಾರಿಗೆ ಅಡ್ಡ ಇದ್ದದ್ದು ಅವನು ಮೂರು ವಾರ ಉಜ್ಜಿ ಹೊಳಪು ಕೊಟ್ಟ ಅಲ್ಯೂಮಿನಿಯಮ್ಮಿನ ಏರ್ ಫಿಲ್ಟರ್ ಡಬ್ಬಿ.

"ಬೇರೆ ಕಡೆಯಿಂದ ಬರಲ್ವಾ?"

ಅಪ್ಪ ಪೈಪನ್ನು ಡಬ್ಬಿಯ ಪಕ್ಕದಿಂದ ಹಿಡಿದು, ಇಳಿಜಾರು ತೋರಿಸುವ ರಸಮಟ್ಟ ಅದರ ಮೇಲಿಟ್ಟರು. ಗುಳ್ಳೆ ಚೇಂಬರಿನ ಕಡೆಗೆ ಸರಿಯಿತು; ಆ ತುದಿಯೇ ಎತ್ತರ. ಅವನು ಗರಗಸ ತಂದು ಡಬ್ಬಿಯ ಮೂಲೆ ಕತ್ತರಿಸಿದ. ಪೈಪು ನೇರ ಇಳಿಯಿತು, ಗುಳ್ಳೆ ಟರ್ಬೋದ ಕಡೆಗೆ ಬಂತು. ಕತ್ತರಿಸಿದ ಬಾಯಿಗೆ ತಗಡು ಬಡಿದು ಮುಚ್ಚಿದ. ಕಾರಿನಲ್ಲಿ ಅಷ್ಟು ವಿಕಾರವಾದದ್ದು ಬೇರೊಂದಿರಲಿಲ್ಲ.

ಒಂದೂವರೆಗೆ ಚಾಲೂ ಮಾಡಿದರೆ ಮತ್ತೆ ನೀಲಿ ಹೊಗೆ.

"ಮುಗೀತು" ಎಂದು ಅವನು ಕೀಲಿಗೆ ಕೈ ಹಾಕಿದ.

"ಓಡ್ತಾ ಇರಲಿ ಬಿಡು" ಎಂದರು ಅಪ್ಪ. "ಸೈಲೆನ್ಸರಲ್ಲಿ ಎಂಟು ತಿಂಗಳ ಎಣ್ಣೆ ಕೂತಿದೆ. ಅದು ಸುಟ್ಟು ಹೋಗ್ಬೇಕು. ದಾರೀಲೇ ಸುಡ್ಲಿ, ಹೊರಡು."

ಹೊರಟರು. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದರು. ಒಬ್ಬ ಪಕ್ಕಕ್ಕೆ ಬಂದು, "ಗುರುವೇ, ಸೊಳ್ಳೆಗೆ ಹೊಗೆ ಹೊಡೀತಿದೀರಾ?" ಎಂದು ಕೇಳಿ ಹೋದ. ಅಪ್ಪ ಪಕ್ಕದ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಸೇತುವೆ ದಾಟುವಾಗ ಹೊಗೆ ತೆಳುವಾಯಿತು. ಕಚೇರಿಯ ಗೇಟಿಗೆ ಬಂದಾಗ ಕನ್ನಡಿಯಲ್ಲಿ ಬರೀ ರಸ್ತೆ ಇತ್ತು.

ತಪಾಸಣೆಯವನು ಇಪ್ಪತ್ತು ನಿಮಿಷ ಇಂಜಿನ್ನು ಓಡಿಸಿ, ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು ನೋಡಿದ. ತಗಡು ಬಡಿದ ಡಬ್ಬಿಯತ್ತ ಬೆರಳು ತೋರಿಸಿ, "ಇದೇನ್ರೀ ಅವತಾರ?" ಎಂದ. ಆದರೂ ಮೊಹರು ಒತ್ತಿದ.

ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಕಾರಿಗೆ ಬಂದು ಕೂತು, ಸ್ಟೇರಿಂಗ್ ಹಿಡಿದುಕೊಂಡು, ಮುಂದಿನ ಗೋಡೆ ನೋಡುತ್ತ ಕೇಳಿದ, "ಇನ್ನೂ ಏನಾದ್ರೂ ತಪ್ಪಿದೆಯಾ ಇದ್ರಲ್ಲಿ?"

ಅಪ್ಪ ಕನ್ನಡಿಯಿಂದ ಮುಖ ತಿರುಗಿಸಿ ಮಗನನ್ನು ನೋಡಿದರು.

"ಹೇಳ್ಲಾ?"

"ಕೇಳಿದ್ನಲ್ಲ."

"ಸಿಟ್ಟಾಗಬಾರ್ದು."

"ಆಗ್ತೀನಿ. ಆದ್ರೂ ಹೇಳು."

"ಮೊದಲು ರೇಡಿಯೇಟರಿನ ನೀರಿನ ಪೈಪು" ಎಂದು ಅಪ್ಪ ಬೆರಳು ಮಡಚಿದರು. ಸೇತುವೆಗೆ ಬರುವಷ್ಟರಲ್ಲಿ ಒಂದು ಕೈಯ ಬೆರಳುಗಳು ಮುಗಿದು ಇನ್ನೊಂದು ಕೈ ಶುರುವಾಗಿತ್ತು. ಅವನು ಹಲ್ಲು ಕಚ್ಚಿ ಗೇರು ಬದಲಿಸಿದ. ಮಾತು ಕೇಳಿಸುವಂತೆ ಕಿಟಕಿಯ ಗಾಜು ಏರಿಸಿದ.